ಖಾಲಿ ಗುರುವಾರ
ಸಕ್ಕರೆ ಕಾರ್ಖಾನೆಯಲ್ಲಿ ಯಾವ ಹೊಲದ ಕಬ್ಬು ಯಾವತ್ತು ಕಡಿಯಬೇಕೆಂದು ಪಟ್ಟಿ ಹಾಕುತ್ತಿದ್ದ ನನ್ನ ಗೆಳೆಯ, ಮೋಡ ಕಂಡರೆ ರಬ್ಬರು ಹುಡುಕುತ್ತಿದ್ದ. ಯಾರಾದರೂ ಸೀನಿದರೂ ಪಟ್ಟಿ ತಿದ್ದುತ್ತಾನೆಂದು ನಾವು ನಗುತ್ತಿದ್ದೆವು. ಕಂಪ್ಯೂಟರು ಕೊಟ್ಟ ಅತ್ಯುತ್ತಮ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಇದು ಒಂದೇ ಮಳೆಗೆ ಮಕಾಡೆ ಮಲಗುತ್ತೆ ಕಣೋ, ಎರಡನೇ ಪಟ್ಟಿ ತಡ್ಕೊಳ್ಳುತ್ತೆ," ಎನ್ನುತ್ತಿದ್ದ. ಮಳೆಗೆ ನಿಂತ ಕಟಾವು ಮುಗಿಸಲೆಂದು ಗುರುವಾರವನ್ನು ಸದಾ ಖಾಲಿ ಬಿಡುತ್ತಿದ್ದ. "ದಿನ ದಂಡ ಅಲ್ವೇನ್ರೀ?" ಎಂದು ಮ್ಯಾನೇಜರು ಗೊಣಗಿದರೆ, "ಮಳೆರಾಯ ಹೇಳಿ ಬರ್ತಾನಾ ಸಾರ್?" ಎನ್ನುತ್ತಿದ್ದ. ಮಳೆ ಬಾರದ ವಾರ, ಆ ಬಿಡುವಿನಲ್ಲಿ ಪಕ್ಕದ ಮೇಜಿನಿಂದ ನನ್ನನ್ನೂ ಎಬ್ಬಿಸಿಕೊಂಡು ನಮ್ಮ ಮನೆಗೇ ಬಂದು, "ಅತ್ತಿಗೆ, ಕಾಫಿ!" ಎಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ಆಸ್ಪತ್ರೆಯಲ್ಲಿ ಕೊನೆಯ ವಾರ, "ಮಳೆ ಬಂತೇನೋ?" ಎಂದು ದಿನವೂ ಕೇಳಿದ. ಕಬ್ಬಿನ ಚಿಂತೆಯೆಂದುಕೊಂಡು ನಾನು ಪಟ್ಟಿ ಓದಿ ಹೇಳಿದೆ. "ಇಲ್ಲ ಕಣೋ, ಗುರುವಾರ ಬಿಡುವಿದೆ, ಕಾಫಿಗೆ ಬಾ," ಎಂದಿದ್ದರೆ ಸಾಕಿತ್ತು.