ವಿಶ್ವದ ಮೊದಲ ಕ್ಷಣ ನನಗೂ ಸೇರಿದ್ದು

ಪಿಎಚ್.ಡಿ. ಸಂದರ್ಶನಕ್ಕೆಂದು, ತಮಿಳು ರಾಜ್ಯದೊಳಗಿನ ನಮ್ಮ ಕನ್ನಡದ ಬೆಟ್ಟ ಇಳಿದು ವಿಶ್ವವಿದ್ಯಾಲಯಕ್ಕೆ ಹೋದಾಗ, ಹಿರಿಯ ಪ್ರಾಧ್ಯಾಪಕರು ಮೊದಲು ಕೇಳಿದ್ದು ಭೌತಶಾಸ್ತ್ರವನ್ನಲ್ಲ.

"ತಾಳವಾಡಿ ಕಡೆಯವಳಾ? ಅಪ್ಪ ಅಮ್ಮ ಏನು ಮಾಡುತ್ತಾರೆ?"

"ಕೂಲಿ," ಎಂದೆ.

ನಾನು ಆರಿಸಿಕೊಂಡಿದ್ದ ವಿಷಯ ವಿಶ್ವದ ಆರಂಭ. ಹಿಗ್ಗುತ್ತಿರುವ ವಿಶ್ವವನ್ನು ಲೆಕ್ಕದಲ್ಲಿ ಹಿಂದಕ್ಕೆ ಓಡಿಸಿದರೆ, ಒಂದು ಘಟ್ಟದಲ್ಲಿ ಸಾಂದ್ರತೆ ಅನಂತವಾಗಿ ಸಮೀಕರಣಗಳು ಕೈಚೆಲ್ಲುತ್ತವೆ. ಅದೇ ಸಿಂಗ್ಯುಲಾರಿಟಿ. ಅದರ ಹತ್ತಿರ ಹಿಗ್ಗುವ ರಭಸಕ್ಕೆ ಬರಿದಾದ ಜಾಗದಿಂದಲೇ ಜೋಡಿ ಜೋಡಿಯಾಗಿ ಕಣಗಳು ಹುಟ್ಟುತ್ತವೆ ಎನ್ನುತ್ತದೆ ಕ್ವಾಂಟಮ್ ಸಿದ್ಧಾಂತ. ಹಾಗೆ ಹುಟ್ಟಿದ ಕಣಗಳು ಆ ಹಿಗ್ಗುವಿಕೆಯನ್ನೇ ತಿದ್ದುತ್ತವೆಯೇ? ಅದು ನನ್ನ ಪ್ರಶ್ನೆ.

"ಇದೆಲ್ಲ ನಿಮ್ಮಂಥವರಿಗೆ ಯಾಕಮ್ಮ? ಆನೆ ಬೇಲಿಗೆ ಸೋಲಾರ್ ಉಪಕರಣ ಮಾಡು, ನಿಮ್ಮ ಜನಕ್ಕೂ ಉಪಯೋಗ. ಒಪ್ಪಿದರೆ ಇವತ್ತೇ ಸೀಟು," ಎಂದರು ತಮಿಳಿನಲ್ಲಿ, ಪ್ರೀತಿಯಿಂದಲೇ.

ನಮ್ಮೂರು ತಿಗನಾರೆಯ ರಾಗಿಯನ್ನು ಆನೆ ತುಳಿದದ್ದನ್ನು ಕಂಡವಳು ನಾನು. ಬೇಲಿ ಬೇಕು, ನಿಜ. ಆದರೆ ನಾನು ಬೇಲಿಯನ್ನು ಮಾತ್ರ ಯೋಚಿಸಬೇಕೆಂದು ಗೊತ್ತುಮಾಡಿದವರು ಯಾರು?

"ಬೇಡ ಸರ್," ಎಂದು ಎದ್ದು ಬಂದೆ. ಬಸ್ಸಿನಲ್ಲಿ ಘಾಟಿಯ ತುದಿಯ ದಿಂಬಂವರೆಗೂ ಅತ್ತೆ. ಅಲ್ಲಿ ಟೀ ಕುಡಿದ ಮೇಲೆ ಸಿಟ್ಟು ಬಂತು.

ಮರುದಿನ ಅವ್ವನ ಜೊತೆ ಕಳೆ ಕೀಳಲು ಹೋದಾಗ ಎಲ್ಲವನ್ನೂ ಹೇಳಿದೆ. ಕಳೆಯಿಂದ ಕೈ ತೆಗೆಯದೆ ಅವಳು ಕೇಳಿದಳು:

"ಏನೂ ಇಲ್ದಿದ್ ಕಡೆ ಅದೆಂಗಮ್ಮಿ ಉಟ್ಟುತ್ತೆ?"

"ಏನೂ ಇಲ್ಲ ಅನ್ನೋದು ಸುಮ್ನೆ ಇರಲ್ಲ ಕಣವ್ವ, ಒಳಗೊಳಗೇ ಅದುರ್ತಾ ಇರ್ತದೆ. ಜಾಗ ಜೋರಾಗಿ ಇಗ್ಗುದ್ರೆ ಆ ಅದುರಾಟಾನೇ ಕಣ ಆಯ್ತದೆ."

ಅವ್ವ ಸೊಂಟ ನೆಟ್ಟಗೆ ಮಾಡಿ ನಿಂತಳು. "ನಂಗ್ ಅರ್ದಂಬರ್ದ ತಿಳೀತು. ಆದ್ರೆ ಬೇಡ ಅನ್ನಕ್ಕೆ ಆ ವಾದ್ಯಾರು ಯಾರು? ನೀ ಬುಡ್ಬೇಡ ಕಣಮ್ಮಿ."

ಬಿಡಲಿಲ್ಲ. ಒಂದು ವರ್ಷ ಶಾಲೆಯೊಂದರಲ್ಲಿ ಪಾಠ ಹೇಳಿದೆ, ಭಾನುವಾರಗಳಲ್ಲಿ ಲೆಕ್ಕ ಮಾಡಿದೆ. ಒಂದು ದಿಕ್ಕಿಗೆ ಬೇಗ, ಇನ್ನೊಂದಕ್ಕೆ ನಿಧಾನ ಹಿಗ್ಗುವ ಸರಳ ವಿಶ್ವವೊಂದನ್ನು ತೆಗೆದುಕೊಂಡೆ. ಹುಟ್ಟಿದ ಕಣಗಳು ಆ ಏರುಪೇರನ್ನು ತಗ್ಗಿಸುತ್ತಿದ್ದವು.

ಮರುವರ್ಷ ಅದೇ ಕೋಣೆ, ಅದೇ ಪ್ರಾಧ್ಯಾಪಕರು. "ಇದರಿಂದ ನಿಮ್ಮ ಜನಕ್ಕೇನು?" ಎಂದರು ಮತ್ತೆ.

"ಸರ್, ನನಗಿಂತ ಮೊದಲು ಒಳಗೆ ಬಂದವರಿಗೂ ಈ ಪ್ರಶ್ನೆ ಕೇಳಿದಿರಾ?"

ಅವರ ಪಕ್ಕದಲ್ಲಿದ್ದ ಮಹಿಳಾ ಪ್ರಾಧ್ಯಾಪಕರು ಸೀಮೆಸುಣ್ಣ ಮುಂದಕ್ಕೆ ಸರಿಸಿ, "ಬರೆದು ತೋರಿಸು," ಎಂದರು. ಬರೆದೆ. ನಡುವೆ ಒಂದು ಕಡೆ ಋಣಚಿಹ್ನೆ ತಪ್ಪಿದ್ದನ್ನು ಹಿಡಿದವರು ಆ ಹಿರಿಯರೇ. ಅಲ್ಲೇ ತಿದ್ದಿದೆ. ಉತ್ತರ ಅಲುಗಲಿಲ್ಲ. ಸೀಟು ಸಿಕ್ಕಿತು. ಅವರೂ ಸಹಿ ಹಾಕಿದರು.

ನನ್ನ ಕಣಗಳು ಸಿಂಗ್ಯುಲಾರಿಟಿಯನ್ನೇನೂ ಅಳಿಸಲಿಲ್ಲ. ಅದು ಇನ್ನೂ ಅಲ್ಲೇ ಇದೆ, ನಾನೂ ಅದರ ಬೆನ್ನು ಬಿಟ್ಟಿಲ್ಲ. ಕಳೆದ ವರ್ಷ ಪ್ರಬಂಧ ಸಲ್ಲಿಸುವಾಗ ಕನ್ನಡದಲ್ಲೂ ಎರಡು ಪುಟದ ಸಾರಾಂಶ ಬರೆದು ಸೇರಿಸಿದೆ. "ಹಾಗೆ ಮಾಡಲು ನಿಯಮವಿಲ್ಲ," ಎಂದರು ಕಚೇರಿಯವರು.

"ಮಾಡಬಾರದೆಂದೂ ಇಲ್ಲವಲ್ಲ," ಎಂದೆ.

ಬೈಂಡ್ ಆಗಿ ಬಂದ ಪ್ರತಿಯಲ್ಲಿ ಆ ಎರಡು ಪುಟಗಳು ಹಾಗೇ ಇದ್ದವು.