ತೆರೆಯಬಾರದ ಬ್ಯಾಕಪ್

ಅವರ ಬಲಗೈಯ ಕಿರುಬೆರಳಿನ ಉಗುರು ಮಾತ್ರ ಉದ್ದ ಬೆಳೆದು, ಹಳದಿಗೆ ತಿರುಗಿ, ತುದಿಯಲ್ಲಿ ಬಾಗಿತ್ತು. ಅದರಿಂದಲೇ ನಮ್ಮ ಕಂಪ್ಯೂಟರ್ ಪರದೆಗಳನ್ನು ಟಕಟಕ ಕುಟ್ಟಿ, "ಹಸಿರು ಬಂದದಲ್ಲ, ಮುಗೀತು" ಎನ್ನುತ್ತಿದ್ದರು. ಬ್ಯಾಕಪ್ ಆಗಿದೆ ಎಂದು ತೋರಿಸುವ ಹಸಿರು ಗುರುತು ಅದು. ಮರಾಠಿ ನಾಡಿನ ಖರಾಡಿಯ ಆಫೀಸಿನಲ್ಲಿ ಅವರು ನನ್ನ ಮ್ಯಾನೇಜರು. ಧಾರವಾಡದ ಕಡೆಯವರು. ತುಮಕೂರಿನಿಂದ ಬಂದ ನಾನು, ಮೇಲೆ ಕನ್ನಡದವರೇ ಇದ್ದಾರಲ್ಲ ಎಂದು ಮೊದಲ ವಾರ ಹಿಗ್ಗಿದ್ದೆ. ಆ ಹಿಗ್ಗು ಎರಡನೇ ವಾರಕ್ಕೆ ಉಳಿಯಲಿಲ್ಲ.

ನಾವು ಕಾಯುತ್ತಿದ್ದದ್ದು ಒಂದು ಆಸ್ಪತ್ರೆಯ ಡೇಟಾಬೇಸನ್ನು. ಯಾವ ರೋಗಿಗೆ ಯಾವ ಪರೀಕ್ಷೆ ಆಯಿತು, ವರದಿ ಏನು ಬಂತು ಎಲ್ಲ ಅದರಲ್ಲಿತ್ತು. ದಿನವೂ ಅದರ ಪ್ರತಿ ತೆಗೆದು ಬೇರೆ ಕಡೆ ಇಡುತ್ತಿದ್ದೆವು. ಇಟ್ಟದ್ದು ಮರಳಿ ಬರುತ್ತದೆಯೇ ಎಂದು ಮಾತ್ರ ಯಾರೂ ನೋಡಿರಲಿಲ್ಲ.

"ಸರ್, ಬೇರೆ ಮೆಷಿನ್ನಲ್ಲಿ ಒಂದ್ಸಲ ರಿಸ್ಟೋರ್ ಮಾಡಿ ನೋಡ್ಲಾ?" ಎಂದು ಕೇಳಿದೆ.

"ಯಾಕ್ರಿ? ಉಪ್ಪಿನಕಾಯಿ ಭರಣಿ ಪದೇ ಪದೇ ತಗದ್ರ ಕೆಡ್ತದ. ಮುಚ್ಚಿಟ್ಟಿದ್ದು ಮುಚ್ಚೇ ಇರ್ಲಿ."

ಇದನ್ನೇ ಮರಾಠಿಯಲ್ಲೂ ಹೇಳಿ ಎಲ್ಲರನ್ನೂ ನಗಿಸಿದರು. ಫೈಲಿಗೆ ಗಾಳಿ ತಾಗಿ ಬೂಷ್ಟು ಹಿಡಿಯುವುದಿಲ್ಲ ಎಂಬಷ್ಟೂ ತಿಳಿಯದ ಈ ಮನುಷ್ಯ ನಮಗೆ ಯಜಮಾನ! ಆಯುಧಪೂಜೆಯ ದಿನ ಸರ್ವರ್ ಯಂತ್ರಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಲು ಮಾತ್ರ ಎಲ್ಲರಿಗಿಂತ ಮುಂದೆ ಇರುತ್ತಿದ್ದರು.

ಒಂದು ಬೆಳಿಗ್ಗೆ ಆಸ್ಪತ್ರೆಯ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ತೆರೆದರೆ ಒಳಗಿದ್ದದ್ದು ಹಿಂದಿನ ವರ್ಷದ ದತ್ತಾಂಶ. ಆಸ್ಪತ್ರೆ ಹೊಸ ಸರ್ವರಿಗೆ ಬದಲಾದಾಗ ಬ್ಯಾಕಪ್ಪನ್ನೂ ಅದರತ್ತ ತಿರುಗಿಸಬೇಕಿತ್ತು. ತಾವೇ ಮಾಡುವುದಾಗಿ ಹೇಳಿದ್ದ ಮಹಾಶಯರು ಮಾಡಿರಲಿಲ್ಲ. ಯಾರೂ ಬಳಸದ ಹಳೆಯ ಸರ್ವರಿನ ಪ್ರತಿಯೇ ದಿನವೂ ತಯಾರಾಗುತ್ತಿತ್ತು, ದಿನವೂ ಹಸಿರು ತೋರಿಸುತ್ತಿತ್ತು.

ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆಸಿದರು. ಲ್ಯಾಬಿನ ಮುಂದೆ ಒಬ್ಬ ತಾಯಿ ಏಳೆಂಟು ವರ್ಷದ ಮಗಳನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ವರದಿಗಳು ಹೋದದ್ದರಿಂದ ಅಂದಿನ ಶಸ್ತ್ರಚಿಕಿತ್ಸೆ ನಿಂತಿತ್ತು. ಎಲ್ಲ ಪರೀಕ್ಷೆಗಳೂ ಮತ್ತೆ ಮೊದಲಿಂದ. ಸಣಕಲು ತೋಳಿನಲ್ಲಿ ನರ ಸಿಗದೆ ನರ್ಸ್ ಮತ್ತೆ ಮತ್ತೆ ಚುಚ್ಚುತ್ತಿದ್ದಳು. "ನಕೋ ಆಈ, ನಕೋ", ಬೇಡಮ್ಮ ಬೇಡ, ಎಂದು ಅರಚಿ ಅರಚಿ ಹುಡುಗಿಯ ದನಿಯೇ ಬಿದ್ದುಹೋಗಿತ್ತು.

"ರಕ್ತ ಅಲ್ಲೇನ್ರಿ, ಮತ್ತ ತಗದ್ರಾತು," ಎಂದರು ನಮ್ಮವರು, ಮೊಬೈಲಿನಿಂದ ಕಣ್ಣೆತ್ತದೆ.

ಅವರ ಮುಖಕ್ಕೆ ಉಗಿಯಬೇಕೆನಿಸಿತು. ಡಿಸ್ಕಿನ ಮೇಲೆ ತಪ್ಪು ಹೊರಿಸಿ ಅವರು ವರದಿ ಬರೆದರು, ಮುಂದೆ ಬಡ್ತಿಯನ್ನೂ ಪಡೆದರು.

ಹೋದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಆಫೀಸಿನ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ಸಾಲು. ನಿಮ್ಮ ಭಾಷೆಯವರಲ್ಲವೇ, ನಾಲ್ಕು ಮಾತು ಬರೆಯಿರಿ ಎಂದು ಸಹೋದ್ಯೋಗಿಗಳು ಕೇಳಿದರು. ದುಃಖವಾಗಬಹುದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಆಗಲಿಲ್ಲ. "ಅವರ ಕೈಕೆಳಗೆ ಕಲಿತೆ" ಎಂದಷ್ಟೇ ಬರೆದೆ.

ಸುಳ್ಳಲ್ಲ. ಈಗ ಪ್ರತಿ ವಾರ ಬ್ಯಾಕಪ್ಪನ್ನು ಖಾಲಿ ಮೆಷಿನ್ನಿಗೆ ಇಳಿಸಿ, ಯಾವುದಾದರೊಂದು ಮಗುವಿನ ವರದಿಯನ್ನು ತೆರೆದು, ಕೊನೆಯ ಸಾಲಿನವರೆಗೆ ಓದಿಯೇ ಕುರ್ಚಿ ಬಿಡುತ್ತೇನೆ. ಆದರೆ ಆ ಋಣವನ್ನು ಅವರ ಹೆಸರಿಗೆ ಬರೆಯಲಾರೆ. ಅದು ಆ ಹುಡುಗಿಯದು.