ದುರುಗೇಶನ ಬೋಟಿಗೆ ಹೊಸ ನೆಲ

ಹೋದ ಮಾರ್ಚಿನಲ್ಲಿ ನನ್ನ ಬಲಗಾಲು ದುರುಗೇಶನ ಬೋಟಿನ ನೆಲವನ್ನು ಮುರಿದುಕೊಂಡು ಮೊಣಕಾಲಿನ ತನಕ ಒಳಗಿಳಿಯಿತು. ಪ್ಲೈವುಡ್ಡು ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಅವನು ನನ್ನ ಕಾಲನ್ನು ಮೆಲ್ಲಗೆ ಎತ್ತಿ, ಹೊಳೆಯ ನೀರಿನಿಂದ ತೊಳೆದು, "ತಪ್ಪಾತ್ರಿ ಸರ" ಅಂದ. ಹಲಗೆ ಕೊಳೆತದ್ದು ಅವನ ತಪ್ಪೋ, ಹಳೆಯ ಬೋಟಿನ ತಪ್ಪೋ ಎಂದು ಯೋಚಿಸುವ ತಾಳ್ಮೆ ನನಗೆ ಯಾವತ್ತೂ ಇಲ್ಲ.

ದುರುಗೇಶ ದೇವದುರ್ಗ ತಾಲ್ಲೂಕಿನವನು. ಕೃಷ್ಣೆಯ ನಡುವಿನ ಹಿರೇಗಡ್ಡೆಗೆ ಹತ್ತೊಂಬತ್ತು ವರ್ಷದಿಂದ ಜನರನ್ನು ದಾಟಿಸುತ್ತಾನೆ. ಮೊದಲು ಹರಿಗೋಲಿತ್ತು, ಆಮೇಲೆ ಬಂದದ್ದು ಹೈದರಾಬಾದಿನ ಯಾವುದೋ ಕೆರೆಯಲ್ಲಿ ಸುತ್ತಿ ಸುಸ್ತಾಗಿದ್ದ ಈ ಫೈಬರ್ ಬೋಟು. ನಾನು ವಿದ್ಯಾಧೀಶ, ಆ ನಡುಗಡ್ಡೆಯ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ರಾಯಚೂರಿನಿಂದ ಬಸ್ಸು, ಅಲ್ಲಿಂದ ಇವನ ಬೋಟು. ಎಮ್ಮೆಕರು ಹತ್ತಿಸಿದರೂ ಸಿಮೆಂಟ್ ಚೀಲ ಒಟ್ಟಿದರೂ ದುರುಗೇಶ ಸುಮ್ಮನೆ ಸರಿದು ಜಾಗ ಮಾಡಿಕೊಡುತ್ತಾನೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಡುಬೇಸಿಗೆಯಲ್ಲಿ ಜನ ಬಂಡೆಗಳ ಮೇಲೆ ನಡೆದೇ ದಾಟುತ್ತಾರೆ. ಬೋಟಿನವನ ಹೊಟ್ಟೆ ತುಂಬುವುದು ಹೊಳೆ ತುಂಬಿದಾಗಲೇ. ಮೇ ತಿಂಗಳ ಕೊನೆಯ ಸೋಮವಾರ ತಾಲ್ಲೂಕು ಕಚೇರಿಯ ಸಾಹೇಬರು ಬಂದು, ಬೋಟು ಗಟ್ಟಿಯಿದೆ ಎಂದು ಸಹಿ ಹಾಕಿದರೆ ಮಳೆಗಾಲದ ದಾಟಿಸುವ ಕೆಲಸ ದುರುಗೇಶನದು. ಹಾಕದಿದ್ದರೆ ಆಚೆ ಊರಿನ ಇನ್ನೊಬ್ಬನದು.

ರಾಯಚೂರಿನಲ್ಲಿ ಮಾನ್ವಿ ರಸ್ತೆಯ ಬದಿಗೆ ಫೈಬರ್ ಕೂಲರ್ ಡಬ್ಬಿ ಮಾಡುವ ಖಾಜಾಮಿಯಾನನ್ನು ಕಾಡಿಬೇಡಿ ಕರೆತಂದವನು ನಾನೇ. "ಕೂಲರ್ ಸೀಜನ್‌ನಾಗ ಕರೀತೀರಲ್ಲ ಮಾಸ್ಟರ್‌ಸಾಬ್, ಇದೇನ್ ಇನ್ಸಾಫ್ ಅದೇನ್ರಿ?" ಎಂದು ಗೊಣಗುತ್ತಲೇ ಬಂದ.

ಹಳೆಯ ನೆಲ ಕೀಳುವುದಕ್ಕೇ ನಾಲ್ಕು ದಿನ ಹಿಡಿಯಿತು. ಗ್ರೈಂಡರಿನ ಪುಡಿ ಮೈಗೆಲ್ಲ ಚುಚ್ಚಿ ತುರಿಕೆಯೋ ತುರಿಕೆ. ಕಿತ್ತು ನೋಡಿದರೆ ಹಲಗೆ ಹೊರುವ ಅಡ್ಡಪಟ್ಟಿಗಳೂ ಕೊಳೆತಿದ್ದವು. ಹೊಸ ಪಟ್ಟಿ ಅಂಟಿಸೋಣವೆಂದರೆ ನಮ್ಮ ಬಿಸಿಲು ಬಿಡಬೇಕಲ್ಲ! ಫೈಬರ್ ಅಂಟಿಸುವ ರೆಸಿನ್ ಎಂಬ ಅಂಟನ್ನು ಗಟ್ಟಿಮಾಡುವ ಔಷಧ ನಾಲ್ಕು ಹನಿ ಹೆಚ್ಚಾದರೂ ಮಗ್ಗಿನಲ್ಲೇ ಹೊಗೆ ಎದ್ದು ಕಲ್ಲಾಗುತ್ತಿತ್ತು. ಮೂರು ಮಗ್ಗು ಹಾಗೇ ಹಾಳಾದವು. ಖಾಜಾಮಿಯಾ ರೆಸಿನ್ ಡಬ್ಬಿಗೆ ಒದ್ದೆ ಗೋಣಿ ಸುತ್ತಿ, ಕುಡಿಯುವ ನೀರಿನ ಕೊಡದ ಪಕ್ಕ ಇಟ್ಟ. ಬೆಳಿಗ್ಗೆ ಐದರಿಂದ ಎಂಟರವರೆಗೆ ಕೆಲಸ, ಉಳಿದ ಹೊತ್ತೆಲ್ಲ ಬೇವಿನ ನೆರಳಲ್ಲಿ ಚಹಾ. ನನ್ನ ರಜೆ ಹಾಳುಮಾಡಿಕೊಂಡು ಬಂದು ಕೂತ ನಾನು ಹಲ್ಲು ಕಡಿಯುತ್ತಿದ್ದೆ.

ಶುಕ್ರವಾರ ಮೋಡ ಕವಿದು ಬಿಸಿಲು ತಗ್ಗಿದ್ದರಿಂದ ಕೆಲಸ ಮಧ್ಯಾಹ್ನದವರೆಗೂ ನಡೆಯಿತು. ಖಾಜಾಮಿಯಾ ಔಷಧ ಕಡಿಮೆ ಬೆರೆಸಿ, ಬೋಟಿನ ತಳಕ್ಕೂ ಪಟ್ಟಿಗಳಿಗೂ ರೆಸಿನ್ ಬಳಿದ. "ಒಂದು ತಾಸು ಹಸಿ ಇರ್ತದ. ಜುಮ್ಮಾ ನಮಾಜ್ ಮುಗಿಸಿ ಬಂದು ಹಲಗಿ ಕೂಡಸ್ತೀನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಊರೊಳಗಿನ ಮಸೀದಿಗೆ ಹೋದ.

ಆ ಒಂದು ತಾಸು ನಾನು ಸುಮ್ಮನೆ ಕೂರಬೇಕಿತ್ತು. ಆದರೆ ನನಗೊಂದು ಉಪಾಯ ಹೊಳೆದಿತ್ತು. ನೆಲದ ಕೆಳಗಿನ ಟೊಳ್ಳಿನಲ್ಲಿ ಥರ್ಮಾಕೋಲ್ ತುಂಬಿದರೆ ನೀರು ನುಗ್ಗಿದರೂ ಬೋಟು ಮುಳುಗುವುದಿಲ್ಲ. ಟಿ.ವಿ. ಅಂಗಡಿಯಿಂದ ಒಂದು ಹೊರೆ ತಂದಿದ್ದೆ. ಬಸ್ಸಿನ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದು ನನ್ನ ಪಿತ್ತ ಕೆರಳಿಸಿದ್ದ.

"ಸರ, ಮಿಯಾ ಬರೋತನ ತಡೀರ್ಯಲ್ಲ," ಅಂದ ದುರುಗೇಶ.

"ಇಪ್ಪತ್ತು ವರ್ಷ ವಿಜ್ಞಾನ ಕಲಿಸೀನಿ ನಾನು. ನನಗ ಹೇಳಾಕ ಬರ್ತೀಯೇನು?"

ಅವನು ಒಂದೊಂದೇ ತುಂಡು ಎತ್ತಿಕೊಟ್ಟ. ನಾನು ತುಂಬಿ, ಮೇಲೆ ಹಲಗೆಗಳನ್ನೂ ಜೋಡಿಸಿಬಿಟ್ಟೆ. ನಮಾಜು ಮುಗಿಸಿ ಬಂದ ಖಾಜಾಮಿಯಾ ನಮ್ಮ ಅವಸರಕ್ಕೆ ಹಣೆ ಚಚ್ಚಿಕೊಂಡು, ಹಲಗೆಗಳ ಮೇಲೆ ಗಾಜಿನೆಳೆಯ ಬಟ್ಟೆ ಹಾಸಿ ರೆಸಿನ್ ಬಳಿದ. ಒಳಗೇನಿದೆ ಎಂದು ಅವನಿಗೆ ಹೇಳಲಿಲ್ಲ. ಸೋಮವಾರ ಸಾಹೇಬರ ಎದುರಿಗೆ ಹೇಳಿ ಭೇಷ್ ಅನ್ನಿಸಿಕೊಳ್ಳುವ ಆಸೆ ನನಗೆ.

ರವಿವಾರ ಸಂಜೆ ಬೋಟಿನಲ್ಲಿ ನಿಂತರೆ ನೆಲ ಹಳೆಯ ಮಂಚದಂತೆ ಅಲುಗಾಡಿತು. ಖಾಜಾಮಿಯಾ ಒಂದು ಮೂಲೆ ಕತ್ತರಿಸಿ ಹಲಗೆ ಎಬ್ಬಿದ. ರೆಸಿನ್ ತಾಗಿದಲ್ಲೆಲ್ಲ ಥರ್ಮಾಕೋಲ್ ಕರಗಿತ್ತು. ಅದರ ಜೊತೆ ಸೇರಿದ ರೆಸಿನ್ನೂ ಗಟ್ಟಿಯಾಗದೆ ಅಂಟಂಟು ಗೊಜ್ಜಾಗಿತ್ತು. ಒಂದು ಹಲಗೆಯೂ ಪಟ್ಟಿಗೆ ಕಚ್ಚಿಕೊಂಡಿರಲಿಲ್ಲ.

"ಯಾರು ಹಾಕಿದ್ರು ಇದನ್ನ?" ಖಾಜಾಮಿಯಾ ಕೂಗಿದ.

"ನಾನೇರಿ," ಅಂದ ದುರುಗೇಶ, ನಾನು ಬಾಯಿ ತೆರೆಯುವ ಮೊದಲೇ. ಆಮೇಲೂ ನಾನು ಬಾಯಿ ತೆರೆಯಲಿಲ್ಲ. ಖಾಜಾಮಿಯಾ ಅವನ ಮರ್ಯಾದೆ ತೆಗೆದದ್ದು ದಡದಲ್ಲಿದ್ದವರಿಗೆಲ್ಲ ಕೇಳಿಸಿತು.

ಸೋಮವಾರ ಸಾಹೇಬರು ಬಂದಾಗ ಬೋಟಿನ ನೆಲ ಬಿಚ್ಚಿ ಬಿದ್ದಿತ್ತು. ಎರಡು ದಿನ ಕೊಡಿ ಎಂದು ಕೈಮುಗಿದೆ. "ನೆಲ ಇಲ್ಲದ ಬೋಟಿಗೆ ಸಹಿ ಹಾಕ್ಲೇನ್ರಿ ಮಾಸ್ತರ?" ಎಂದು ಕೇಳಿ, ಮಳೆಗಾಲದ ಕೆಲಸವನ್ನು ಆಚೆ ಊರಿನವನ ಹೆಸರಿಗೆ ಬರೆದು ಜೀಪು ಹತ್ತಿದರು.

ನನ್ನ ಸಿಟ್ಟು ಖಾಜಾಮಿಯಾನ ಮೇಲೆ ತಿರುಗಿತು. "ಥರ್ಮಾಕೋಲ್ ಕರಗ್ತದ ಅಂತ ಮೊದಲೇ ಹೇಳಬಾರ್ದಿತ್ತೇನು ಮಿಯಾ?"

"ಹೇಳಿಲ್ಲೇನ್ರಿ? ಮೊದಲ್ನೇ ದಿನಾನೇ, ನೀವು ಊಟಕ್ಕ ಹೋದಾಗ, ಚಹಾದ ಥರ್ಮಾಕೋಲ್ ಕಪ್ಪಿನ್ಯಾಗ ರೆಸಿನ್ ಸುರುವಿ ತೋರ್ಸೀನಿ ಇವಂಗ. ಕಪ್ಪಿನ ಬುಡಾನೇ ಹಾರಿಹೋತು. ನೋಡಿನೂ ಹಾಕ್ಯಾನ, ಬೇವಕೂಫ್!"

ದುರುಗೇಶ ಕುಕ್ಕರುಗಾಲಲ್ಲಿ ಕೂತು ಹಲಗೆಗೆ ಮೆತ್ತಿದ ಅಂಟು ಕೆರೆಯುತ್ತಿದ್ದ.

"ಗೊತ್ತಿತ್ತೇನೋ ನಿನಗ?"

"ಗೊತ್ತಿತ್ರಿ."

"ಮತ್ತ ನನ್ನ ಕೈ ಹಿಡದು ನಿಂದ್ರಸಬಾರ್ದೇನು? ವರ್ಷದ ಅನ್ನ ಹೋತಲ್ಲೋ ನಿಂದು!"

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಮೂರು ಸಲ ಬಾಯಿತನ ಬಂತ್ರಿ ಸರ. ನಿಮ್ಮ ಮಾರಿ ನೋಡಿ ನುಂಗಿದ್ನಿ."

ಖಾಜಾಮಿಯಾ ಇನ್ನೂ ಅವನನ್ನೇ ಬೈಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಹಾಕಿದವ ಅವನಲ್ಲ ಮಿಯಾ, ನಾನು," ಅಂದೆ. ಇನ್ನು ನನ್ನ ಪಾಳಿ ಎಂದು ತಲೆ ತಗ್ಗಿಸಿ ನಿಂತೆ.

ಖಾಜಾಮಿಯಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹೋಗ್ಲಿ ಬಿಡ್ರಿ ಮಾಸ್ಟರ್‌ಸಾಬ್, ಆಗ್ತದ," ಎಂದು, ಮೆತ್ತಗೆ, ನನಗೊಂದು ಚಹಾ ಹೇಳಿದ.